ಹುಣಸೆಮರದ ಬೀಗರು

ಶರ್ಫುನ್ನೀಸಾ ಟೀಚರಿಗೆ ಹಕ್ಕಿ ನೋಡುವ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಶಿವಾಜಿನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಜೀವಶಾಸ್ತ್ರ ಹೇಳಿಕೊಡುತ್ತಿದ್ದರು. ಗಂಡ ಲತೀಫ್ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರಿ. ಮನೆ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲೇ. ಒಂದು ಭಾನುವಾರ ಗುಜರಿ ಬಜಾರಿನಲ್ಲಿ ಯಾರೋ ಮಿಲಿಟರಿಯವರದ್ದೆಂದು ಹೇಳಿ ಮಾರುತ್ತಿದ್ದ ಹಳೆಯ ದುರ್ಬೀನನ್ನು ಲತೀಫ್ ತಮಾಷೆಗೆಂದು ಮನೆಗೆ ತಂದರು. ಟೀಚರು ಅದನ್ನು ಕಣ್ಣಿಗಿಟ್ಟುಕೊಂಡು, ತಾರಸಿಯ ಮೇಲಿಂದ, ಮಿನಾರಿನ ತುದಿಯಲ್ಲಿ ಕೂತಿದ್ದ ಹದ್ದನ್ನು ನೋಡಿದರು. ಹದ್ದು ಕತ್ತು ತಿರುಗಿಸಿ ನೇರ ತಮ್ಮನ್ನೇ ದಿಟ್ಟಿಸಿದಂತಾಯಿತು. ಅಷ್ಟು ಸಾಕಾಯಿತು. ಆಮೇಲೆ ರಜೆ ಬಂದರೆ ಸಾಕು, ಬುರ್ಖಾದ ಮೇಲೆ ದುರ್ಬೀನು ತೂಗುಹಾಕಿಕೊಂಡು, ಚಪಾತಿ ಪಲ್ಯದ ಡಬ್ಬಿ ಹಿಡಿದು, ಕೆರೆ ಇರುವ ಕಡೆಗೆ ಹೋಗುವ ಬಸ್ಸು ಹತ್ತಿಬಿಡುತ್ತಿದ್ದರು.

"ರಸೆಲ್ ಮಾರ್ಕೆಟ್‌ನ ಕೋಳಿ ಅಂಗಡೀಲಿ ಸಿಗದೇ ಇರೋ ಅದ್ಯಾವ ಹಕ್ಕಿ ಹುಡುಕ್ತಿದ್ದೀಯಾ?" ಎಂದು ಲತೀಫ್ ದಖನಿ ಉರ್ದುವಿನಲ್ಲಿ ಗೇಲಿ ಮಾಡುತ್ತಿದ್ದರು. ಗೇಲಿ ಮಾಡುತ್ತಲೇ ಡಬ್ಬಿಗೆ ಎರಡು ಸಪೋಟಾ ಸೇರಿಸುತ್ತಿದ್ದರು.

೧೯೯೮ರ ಬೇಸಿಗೆ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಒಂದು ಭಾನುವಾರ ಟೀಚರು ಕೆ.ಆರ್. ಪುರದಿಂದಾಚೆ ಗೌರಸಂದ್ರದ ಕೆರೆಯ ಏರಿ ಮೇಲೆ ಕೂತಿದ್ದರು. ನೀರು ನಡುಮಧ್ಯಕ್ಕೆ ಸರಿದು, ಸುತ್ತ ಕೆಸರು ಬಿರಿಯತೊಡಗಿತ್ತು. ಉಳಿದ ನೀರಿನಲ್ಲಿ ಮೀನು ಒತ್ತೊತ್ತಾಗಿ ಸೇರಿದ್ದರಿಂದ ಹಕ್ಕಿಗಳಿಗೆ ಹಬ್ಬ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಎಲ್ಲವೂ ಇದ್ದವು. ಅವುಗಳ ನಡುವೆ ಉದ್ದಕಾಲಿನ, ಹಳದಿ ಕೊಕ್ಕಿನ, ಬಣ್ಣದ ಕೊಕ್ಕರೆಗಳು ಗಂಭೀರವಾಗಿ ನಡೆದಾಡುತ್ತಿದ್ದವು. ರೆಕ್ಕೆಯ ತುದಿಯಲ್ಲಿ ಯಾರೋ ಗುಲಾಲು ಎರಚಿದ ಹಾಗೆ ಗುಲಾಬಿ ಬಣ್ಣ. ಟೀಚರು ಅವನ್ನು ಮೊದಲೂ ನೋಡಿದ್ದರು. ಆದರೆ ಅವತ್ತು ಒಂದು ಕೊಕ್ಕರೆ ಏರಿಯ ಜಾಲಿಯಿಂದ ಒಣಗಿದ ಕಡ್ಡಿ ಮುರಿದು, ಬಾಯಲ್ಲಿ ಅಡ್ಡ ಹಿಡಿದು ಊರಿನ ಕಡೆಗೆ ಹಾರಿತು. ಅದರ ಹಿಂದೆಯೇ ಇನ್ನೊಂದು. ಆಮೇಲೆ ಮತ್ತೊಂದು.

"ಗೂಡು!" ಎಂದು ಟೀಚರು ಗಟ್ಟಿಯಾಗಿಯೇ ಹೇಳಿಕೊಂಡರು. ಊಟದ ಡಬ್ಬಿಯನ್ನು ಮುಚ್ಚಿ, ಆಕಾಶ ನೋಡುತ್ತ, ರಾಗಿ ಕೂಳೆಯ ಹೊಲಗಳ ನಡುವೆ ಎಡವುತ್ತ, ಆ ಕಡ್ಡಿಗಳ ಜಾಡು ಹಿಡಿದು ಹೊರಟೇಬಿಟ್ಟರು.

ಜಾಡು ಮುಗಿದದ್ದು ಒಂದು ಹೆಂಚಿನ ಮನೆಯ ಅಂಗಳದಲ್ಲಿ. ಅಂಗಳವನ್ನೆಲ್ಲ ಮುಚ್ಚುವಂಥ ಹಳೆಯ ಹುಣಸೆಮರ. ಅದರ ನೆತ್ತಿಯ ತುಂಬ ಕೊಕ್ಕರೆಗಳು ನೂಕಾಡುತ್ತ, ಕಡ್ಡಿ ಜೋಡಿಸುತ್ತ, ಕೊಕ್ಕಿಗೆ ಕೊಕ್ಕು ಬಡಿದು ಕಟಕಟ ಸದ್ದು ಮಾಡುತ್ತಿದ್ದವು. ಟೀಚರು ದುರ್ಬೀನು ಏರಿಸಿ ಬಾಯಿ ತೆರೆದು ನಿಂತರು.

"ಯಾರವ್ವಾ ಅದು? ಪೋಲಿಯೋ ಹನಿ ಹಾಕೋರಾ? ನಮ್ಮನೇಲಿ ಸಣ್ಣ ಮಕ್ಳಿಲ್ಲ."

ಜಗಲಿಯ ಮೇಲೆ ಕೂತು ಅವರೆಕಾಳು ಕೇರುತ್ತಿದ್ದ ಮುದುಕಿ ಮೊರ ಕೆಳಗಿಟ್ಟು ಎದ್ದಿದ್ದಳು. ಅವಳೇ ಅಕ್ಕಯಮ್ಮ, ಆ ಮನೆಯ ಹಿರಿಯಳು.

"ಅಲ್ಲಮ್ಮಾ, ನಾನು ಟೀಚರು. ಶಿವಾಜಿನಗರ. ಹಕ್ಕಿ ನೋಡೋಕೆ ಬಂದೆ."

"ಹಕ್ಕಿ ನೋಡಕ್ಕಾ? ಶಿವಾಜಿನಗರದಿಂದ?" ಅಕ್ಕಯಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಇವನ್ನ ಓಡಿಸೋದು ಹೆಂಗೆ ಅಂತ ನಾವು ತಲೆ ಕೆಡಿಸ್ಕೊಂಡು ಕುಂತಿದ್ರೆ, ನೀನು ಬಸ್ಸತ್ಕೊಂಡು ನೋಡಕ್ಕೆ ಬಂದಿದ್ದೀಯಾ! ಬಾ ಕುಂತ್ಕೊ, ಬಿಸ್ಲು. ಮಜ್ಜಿಗೆ ಕುಡಿ."

ಮಜ್ಜಿಗೆ ಕುಡಿಯುತ್ತ ಟೀಚರಿಗೆ ವಿಷಯ ತಿಳಿಯಿತು. ಅಕ್ಕಯಮ್ಮನ ಮಗ ಮುನಿವೆಂಕಟಪ್ಪ. ಅವನ ಒಬ್ಬಳೇ ಮಗಳು ಯಮುನಾಳ ಮದುವೆ ಮೇ ತಿಂಗಳಲ್ಲಿ ಗೊತ್ತಾಗಿತ್ತು. ಗಂಡು ಹಲಸೂರಿನವನು. ಬೀಗರು ಕಲ್ಯಾಣಮಂಟಪವೇ ಆಗಬೇಕೆಂದಿದ್ದರು. ಅಕ್ಕಯಮ್ಮ ಒಪ್ಪಿರಲಿಲ್ಲ. ಆ ಮನೆಯ ಎಲ್ಲ ಮದುವೆಗಳೂ, ಅವಳದೂ ಸೇರಿ, ಆ ಹುಣಸೆಮರದ ಕೆಳಗೆ ಚಪ್ಪರ ಹಾಕಿ ಆದಂಥವು. ಹಟ ಹಿಡಿದು ಗೆದ್ದಿದ್ದಳು. ಗೆದ್ದ ಮರುವಾರವೇ ಈ ಕೊಕ್ಕರೆಗಳು ಬಂದಿಳಿದಿದ್ದವು.

"ನಾನು ಈ ಮನೆಗೆ ಸೊಸೆಯಾಗಿ ಬಂದಾಗ್ನಿಂದ ಒಂದು ದಿನ ಬಂದಿಲ್ಲ. ಈಗ ಸರ್ಯಾಗಿ ಮದ್ವೆ ಹೊತ್ಗೆ ದಿಬ್ಬಣ ಕಟ್ಕೊಂಡು ಬಂದವ್ರೆ ನೋಡು," ಎಂದು ಅಕ್ಕಯಮ್ಮ ಮೇಲೆ ನೋಡಿ ಮುಖ ಸಿಂಡರಿಸಿದಳು. ಅಂಗಳದಲ್ಲಿ ಅಲ್ಲಲ್ಲಿ ಬಿಳಿ ಹಿಕ್ಕೆ. ಗಾಳಿಗೆ ಹಸಿಮೀನಿನ ವಾಸನೆ.

ಟೀಚರಿಗೆ ಆ ವಾಸನೆ ಮೂಗಿಗೆ ತಾಕಲೇ ಇಲ್ಲ. "ಅಮ್ಮಾ, ಮುಂದಿನ ಭಾನ್ವಾರಾನೂ ಬರ್ಲಾ?" ಎಂದು ಕೇಳಿದರು.

"ಬಾ ತಾಯಿ. ನೋಡಕ್ಕೆ ಏನಂತೆ."

ಹೀಗೆ ಬರತೊಡಗಿದರು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕ ಮೇಲಂತೂ ಭಾನುವಾರಕ್ಕೆ ಕಾಯುವುದೂ ತಪ್ಪಿತು. ಬರುವಾಗ ಲತೀಫ್ ಕೊಟ್ಟ ಸಪೋಟಾವನ್ನೋ ಬಾದಾಮಿ ಮಾವನ್ನೋ ಅಕ್ಕಯಮ್ಮನಿಗೆ ತರುತ್ತಿದ್ದರು. ಹೋಗುವಾಗ ಕೈಗೆ ಹುಣಸೆಯುಂಡೆಯೋ ಸೊಪ್ಪಿನ ಕಟ್ಟೋ ಸಿಗುತ್ತಿತ್ತು.

ಯಮುನಾ ಇಂದಿರಾನಗರದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಮದುವೆಗೆಂದು ರಜೆ ಹಾಕಿ ಮನೆಯಲ್ಲೇ ಇದ್ದಳು. ಮೊದಮೊದಲು ದೂರದಿಂದ ನೋಡಿ ನಗುತ್ತಿದ್ದವಳು, ಒಂದು ಬೆಳಿಗ್ಗೆ "ಒಂದ್ಸಲ ಕೊಡಿ ಟೀಚರ್" ಎಂದು ದುರ್ಬೀನು ಇಸಕೊಂಡಳು. ಮರಳಿ ಕೊಡಲು ಬಹಳ ಹೊತ್ತು ಹಿಡಿಯಿತು. ಗೂಡಿನ ಅಂಚಿನಿಂದ ಬಿಳಿ ಹತ್ತಿಯುಂಡೆಯಂಥ ಮರಿಯೊಂದು ತಲೆ ಎತ್ತಿ, ಬಾಯಿ ತೆರೆದು ಅರಚುವುದು ಕಂಡಿತ್ತು.

"ಅಯ್ಯೋ, ಮುದುಕನ ಥರ ಇದೆ!"

"ಎಲ್ಲಾ ಮರೀನೂ ಹಂಗೇ. ನೀನೂ ಹಂಗೇ ಇದ್ದಿರ್ತೀಯ," ಎಂದರು ಟೀಚರು.

ಅಲ್ಲಿಂದ ಇಬ್ಬರೂ ಬೆಳಿಗ್ಗೆ ಬೆಳಿಗ್ಗೆಯೇ ಕೆರೆ ಏರಿಯ ಮೇಲೆ ತಿರುಗತೊಡಗಿದರು. ಹೊಂಗೆಯ ಹೊಸ ಚಿಗುರಿನ ನಡುವೆ ಹೊನ್ನಕ್ಕಿ ಮಿಂಚಿ ಮರೆಯಾಗುವುದನ್ನು ನೋಡಿದರು. ಮುಂಗುಸಿಯೊಂದು ಬೇಲಿ ದಾಟುವ ಮುಂಚೆ ಹಿಂಗಾಲಿನ ಮೇಲೆ ನಿಂತು ಇಬ್ಬರನ್ನೂ ತೂಗಿ ನೋಡಿದ್ದನ್ನು ಕಂಡರು. ಒಂದು ದಿನ, ಬಿಸಿಲು ಇನ್ನೂ ಎಳೆಯದಾಗಿದ್ದಾಗ, ಏರಿಯ ಆಚೆ ಪಕ್ಕದ ಒಂದು ಬಿಲದ ಬಾಯಲ್ಲಿ ನರಿಯ ಮರಿಗಳು ಒಂದರ ಮೇಲೊಂದು ಬಿದ್ದು ಆಡುತ್ತಿದ್ದವು. ಒಂದು ಮರಿ ಇನ್ನೊಂದರ ಬಾಲ ಕಚ್ಚಿ ಎಳೆಯುತ್ತಿತ್ತು. ತಾಯಿ ಅಲ್ಲೇ ಕಾಲು ಚಾಚಿ ಮಲಗಿ, ಯಾವುದಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಆಕಳಿಸಿತು. ಯಮುನಾ ಸೆರಗು ಬಾಯಿಗೊತ್ತಿಕೊಂಡು ನಗು ತಡೆದಳು.

"ಬೆಳಗ್ಗೆ ಎದ್ದು ಒಂದು ನರಿ ಮುಖ ನೋಡಿದ್ರೇನೇ ಅದೃಷ್ಟ ಅಂತಾರೆ ಟೀಚರ್. ನಾವು ಇಡೀ ಸಂಸಾರದ ಮುಖಾನೇ ನೋಡ್ಬಿಟ್ವಿ."

"ಹಂಗಾದ್ರೆ ನಿನ್ನ ಮದ್ವೆ ಜೋರಾಗಾಗುತ್ತೆ ಬಿಡು."

ಯಮುನಾಳ ನಗು ಸ್ವಲ್ಪ ಇಳಿಯಿತು. "ಮದ್ವೆ ಜೋರಾಗೇ ಆಗುತ್ತೆ. ಹುಡುಗನ್ದೇ ಯೋಚ್ನೆ. ಎರಡು ಸಲ ಬಂದಿದ್ರು. ಕಾಫಿ ಕುಡಿದ್ರು, ಚೆನ್ನಾಗಿದೆ ಅಂದ್ರು. ಅಷ್ಟೇ. ನಗೋದೇ ಇಲ್ಲ. ನಾನು ದಿನವೆಲ್ಲಾ ನಗೋಳು. ಹೆಂಗೆ ಬಾಳೋದು?"

"ಕೆಲವು ಹಕ್ಕಿ ತಡವಾಗಿ ಕೂಗ್ತಾವೆ," ಎಂದರು ಟೀಚರು. ಹೇಳಿದ ಮೇಲೆ ಅದು ಅಷ್ಟೇನೂ ಸಮಾಧಾನದ ಮಾತಲ್ಲ ಎನ್ನಿಸಿ ಮತ್ತೆ ದುರ್ಬೀನು ಕಣ್ಣಿಗಿಟ್ಟುಕೊಂಡರು.

ಅತ್ತ ಮನೆಯಲ್ಲಿ ಮುನಿವೆಂಕಟಪ್ಪನಿಗೆ ದಿನ ಹತ್ತಿರವಾದಂತೆ ನಿದ್ದೆ ಹತ್ತುತ್ತಿರಲಿಲ್ಲ. ಬೀಗರಾದ ಪಿಳ್ಳಪ್ಪನವರು ಜಾಗ ನೋಡಲು ಬಂದವರು, ಮರದ ಕೆಳಗೆ ಮೂಗಿಗೆ ಕರವಸ್ತ್ರ ಹಿಡಿದು ನಿಂತು, "ಏನ್ರೀ ಇದು, ನಮ್ಮ ಕಡೆಯವ್ರು ಇಲ್ಲಿ ಊಟಕ್ಕೆ ಕೂರ್ಬೇಕಾ? ಮರ ಕಡಿಸಿ. ಇಲ್ಲಾಂದ್ರೆ ಒಂದು ಸರಪಟಾಕಿ ಹಚ್ಚಿ, ಎದ್ದು ಹೋಗ್ತಾವೆ," ಎಂದು ಹೇಳಿ ಹೋಗಿದ್ದರು. ಮರ ಕಡಿಸಲು ಮುನಿವೆಂಕಟಪ್ಪನಿಗೆ ಕೈ ಬರಲಿಲ್ಲ. ಪಟಾಕಿ ಆಗಬಹುದು ಎನ್ನಿಸಿತು.

ಟೀಚರು ಮುಂದಿನ ಸಲ ಬಂದಾಗ ಮುನಿವೆಂಕಟಪ್ಪ ಏಣಿ ಹತ್ತಿ, ಕೆಳಕೊಂಬೆಗೆ ಉದ್ದದ ಪಟಾಕಿಸರ ಕಟ್ಟುತ್ತಿದ್ದ.

"ಸಾರ್, ಬೇಡಿ ಸಾರ್!" ಟೀಚರು ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿದರು. "ಮರಿಗಳಿವೆ. ದೊಡ್ಡವು ಎದ್ದು ಹೋದ್ರೆ ಮರಿಗಳು ಬಿಸಿಲಿಗೇ ಸತ್ತೋಗ್ತಾವೆ."

"ನಂಗೂ ಕಷ್ಟ ಆಗ್ತದೆ ಟೀಚರಮ್ಮಾ. ಆದ್ರೆ ಏನ್ಮಾಡ್ಲಿ? ಮದ್ವೆ ಮರದ ಕೆಳ್ಗೇ ಆಗ್ಬೇಕು ಅಂತ ನಮ್ಮವ್ವ. ಮರದ ಕೆಳ್ಗೆ ಗಲೀಜು ಇರ್ಬಾರ್ದು ಅಂತ ಬೀಗ್ರು. ಮಧ್ಯ ಸಿಕ್ಕಾಕ್ಕೊಂಡಿರೋನು ನಾನು."

ಇಬ್ಬರೂ ಅಕ್ಕಯಮ್ಮನ ಕಡೆ ನೋಡಿದರು. ಅವಳು ಜಗಲಿಯ ಮೇಲೆ ಕೂತಿದ್ದಳು. ಟೀಚರು ಹೋಗಿ ಅವಳ ಪಕ್ಕ ಕೂತು, ದುರ್ಬೀನನ್ನು ಅವಳ ಕೈಗೆ ಕೊಟ್ಟರು. "ಪಟಾಕಿ ಹಚ್ಚೋ ಮುಂಚೆ ನೀವು ಒಂದ್ಸಲ ನೋಡಿಬಿಡಿ ಅಮ್ಮಾ. ಆ ಬಲಗಡೆ ಗೂಡು."

ಅಷ್ಟು ದಿನ ಟೀಚರು ಬಂದು ಹೋದರೂ ಅಕ್ಕಯಮ್ಮ ದುರ್ಬೀನು ಮುಟ್ಟಿರಲಿಲ್ಲ. ಈಗ ಹಿಡಿದು, ಮೊದಲು ಉಲ್ಟಾ ನೋಡಿ, ಟೀಚರು ತಿರುಗಿಸಿ ಕೊಟ್ಟ ಮೇಲೆ ಸರಿಯಾಗಿ ನೋಡಿದಳು. ನಡುಮಧ್ಯಾಹ್ನ. ಮರದ ನೆತ್ತಿಯ ಮೇಲೆ ಬಿಸಿಲು ಕಾದ ಹೆಂಚಿನ ಹಾಗೆ ಬಿದ್ದಿತ್ತು.

"ಏನ್ ಮಾಡ್ತಾ ಅದೆ ಇದು?" ಸ್ವಲ್ಪ ಹೊತ್ತಿನ ಮೇಲೆ ಅಕ್ಕಯಮ್ಮ ಕೇಳಿದಳು. "ರೆಕ್ಕೆ ಬಿಚ್ಕೊಂಡು ಸುಮ್ಕೆ ನಿಂತದೆ. ಹಾರಕ್ಕೂ ಇಲ್ಲ, ಕೂರಕ್ಕೂ ಇಲ್ಲ."

"ಮರಿಗಳಿಗೆ ನೆರಳು ಮಾಡ್ತಿದೆ. ಬಿಸಿಲು ತಿರುಗಿದ ಹಂಗೆ ಅದೂ ತಿರುಗಿ ನಿಂತ್ಕೊಳ್ಳುತ್ತೆ."

ಅಕ್ಕಯಮ್ಮ ದುರ್ಬೀನು ಇಳಿಸಲಿಲ್ಲ. ಕೆರೆಯ ಕಡೆಯಿಂದ ಇನ್ನೊಂದು ಕೊಕ್ಕರೆ ಬಂದು ಗೂಡಿಗಿಳಿಯಿತು. ಬಗ್ಗಿ ಕೊಕ್ಕು ತೆರೆಯಿತು.

"ಮೀನಾ?"

"ನೀರಮ್ಮಾ. ಬಾಯ್ತುಂಬ ತಂದು ಮರಿಗಳ ಮೈಮೇಲೆ ಹುಯ್ತಿದೆ. ತಂಪಾಗ್ಲಿ ಅಂತ."

ಏಣಿಯ ಮೇಲಿದ್ದ ಮುನಿವೆಂಕಟಪ್ಪ ಬೆಂಕಿಪೊಟ್ಟಣವನ್ನು ಕೈಯಲ್ಲೇ ಹಿಡಿದು ಕಾಯುತ್ತಿದ್ದ.

"ಮುನಿವೆಂಕಟಾ," ಎಂದಳು ಅಕ್ಕಯಮ್ಮ ಕೊನೆಗೆ. "ನೀನು ಹುಟ್ಟಿದ್ದು ಇಂಥಾ ಬ್ಯಾಸ್ಗೇಲೇ ಕಣ್ಲಾ. ಮೈಯೆಲ್ಲಾ ಬೆವರುಸಾಲೆ ಎದ್ದು ಹಗ್ಲೂ ರಾತ್ರಿ ಅಳ್ತಿದ್ದೆ. ಇದೇ ಮರದ ಕೆಳ್ಗೆ ನಿನ್ನ ಮಲಗಿಸ್ಕೊಂಡು ಮೊರದಾಗೆ ಗಾಳಿ ಬೀಸ್ತಾ ಕುಂತಿರ್ತಿದ್ದೆ. ಒದ್ದೆ ಬಟ್ಟೆ ಮೈಮೇಲೆ ಹಾಕೋದು, ಒಣಗ್ತಿದ್ದಂಗೇ ಇನ್ನೊಂದು ಹಾಕೋದು." ಅವಳು ದುರ್ಬೀನು ಮಡಿಲಲ್ಲಿ ಇಟ್ಟುಕೊಂಡಳು. "ಆ ಪಟಾಕಿ ಬಿಚ್ಚು. ಚಪ್ಪರಾನ ಹಿಂದುಗಡೆ ಕಣದಾಗೆ ಹಾಕ್ಸು."

"ಅವ್ವಾ! ನೀನೇ ಅಲ್ವಾ ಹಟ ಹಿಡ್ದಿದ್ದು, ಮರದ ಕೆಳ್ಗೇ ಅಂತ?"

"ಹಿಡ್ದಿದ್ದೆ. ಈಗ ಬಿಟ್ಟೆ. ಹಟ ಹಿಡಿಯೋರ್ಗೆ ಬಿಡಕ್ಕೂ ಬರ್ಬೇಕು. ಮರದ ಮ್ಯಾಲೆ ಅವ್ರು ಚಪ್ಪರ ಹಾಕ್ಕೊಂಡು ಆಗೋಗದೆ. ಅವ್ರೂ ಬೀಗ್ರೇ ಅಂದ್ಕೋ."

ಯಮುನಾ ಒಳಗಿನಿಂದ ಓಡಿ ಬಂದು ಅಜ್ಜಿಯನ್ನು ತಬ್ಬಿಕೊಂಡಳು. ಟೀಚರು ಕಣ್ಣೊರೆಸಿಕೊಳ್ಳುವುದನ್ನು ಮರೆಮಾಡಲು ದುರ್ಬೀನಿನ ಗಾಜು ಒರೆಸತೊಡಗಿದರು.

ಬೀಗರಿಗೆ ಜಾಗ ಬದಲಾದದ್ದೇನೋ ಸರಿಹೋಯಿತು. ಆದರೆ ಅವರು ಗೊತ್ತುಮಾಡಿದ್ದ ಬ್ಯಾಂಡು ಉಳಿದಿತ್ತು, ಅದರ ಸದ್ದಿಗೆ ಹಕ್ಕಿಗಳು ಗೂಡು ಬಿಟ್ಟೆದ್ದರೆ ಎಂಬ ಭಯವೂ. ಶಿವಾಜಿನಗರದ ಬ್ಯಾಂಡು, ತಮಟೆಗಿಂತ ದೊಡ್ಡ ಡ್ರಮ್ಮುಗಳು, ಫಳಫಳ ಹೊಳೆಯುವ ಹಿತ್ತಾಳೆ ಕಹಳೆಗಳು. ಯಾವ ಬ್ಯಾಂಡು ಎಂದು ಕೇಳಿ ತಿಳಿದಾಗ ಟೀಚರಿಗೆ ನಗು ಬಂತು. ಅದರ ಮುಖಂಡ ಚಾಂದ್ ಪಾಷಾ, ಅವರ ಚಿಕ್ಕಮ್ಮನ ಮಗ, ಅವರ ಗಲ್ಲಿಯ ತುದಿಯಲ್ಲೇ ಇದ್ದವನು.

"ಆಪಾ, ಮೆಲ್ಲಗೆ ಬಾರಿಸೋದು ಅಂದ್ರೇನು?" ಚಾಂದ್ ಪಾಷಾ ನಿಜವಾಗಿ ನೊಂದುಕೊಂಡ. "ಅದು ಬ್ಯಾಂಡು. ಮೆಲ್ಲಗೆ ಬಾರಿಸಿದ್ರೆ ಜನ ಸತ್ತ ಮನೆ ಅನ್ಕೋತಾರೆ."

"ಊರ ಬಾಗಿಲಿಂದ ಗುಡಿ ತನಕ ಎಷ್ಟು ಬೇಕಾದ್ರೂ ಜೋರಾಗಿ ಬಾರಿಸು ಚಾಂದ್. ಗುಡಿ ದಾಟಿದ ಮೇಲೆ ಬರೀ ನಿನ್ನ ಕ್ಲಾರಿನೆಟ್ಟು. ನೀನೊಬ್ಬನೇ. ಡ್ರಮ್ಮು ಬೇಡ."

'ನೀನೊಬ್ಬನೇ' ಎಂಬ ಮಾತು ಚಾಂದ್ ಪಾಷಾನಿಗೆ ಹಿಡಿಸಿತು. ಮೀಸೆ ತಿರುವಿ ಒಪ್ಪಿಕೊಂಡ.

ಮದುವೆಯ ದಿನ ಕಣದ ತುಂಬ ಹಸಿರು ಚಪ್ಪರ. ಹಾಲುಗಂಬವನ್ನು ಕಣದಲ್ಲೇ ನೆಟ್ಟಿದ್ದರು. ಮರದ ಋಣ ಬಿಡಬಾರದೆಂದು ಅಕ್ಕಯಮ್ಮ ಕೆಳಗೆ ಬಿದ್ದಿದ್ದ ಹುಣಸೆಯ ಒಂದು ಟೊಂಗೆಯನ್ನು ಅದಕ್ಕೆ ಕಟ್ಟಿದ್ದಳು. ಶರ್ಫುನ್ನೀಸಾ ಟೀಚರು ಲತೀಫರನ್ನು ಕರೆದುಕೊಂಡು, ಒಂದು ಬುಟ್ಟಿ ಮಾವಿನಹಣ್ಣು ಹೊರಿಸಿಕೊಂಡು ಬಂದಿದ್ದರು. ಊರ ಬಾಗಿಲಿನಿಂದ ಬ್ಯಾಂಡು ಆಕಾಶ ಹರಿಯುವಂತೆ ಬಾರಿಸಿಕೊಂಡು ಬಂತು. ಗುಡಿಯ ಹತ್ತಿರ ಥಟ್ಟನೆ ನಿಂತಿತು. ಅಲ್ಲಿಂದ ಚಾಂದ್ ಪಾಷಾ ಒಬ್ಬನೇ, ಕೆಂಪು ಕೋಟಿನಲ್ಲಿ ಎದೆಯುಬ್ಬಿಸಿ, ಕಣ್ಣು ಮುಚ್ಚಿ ಕ್ಲಾರಿನೆಟ್ಟು ನುಡಿಸುತ್ತ ಮುಂದೆ ನಡೆದ. ಮದುವೆಯ ಗದ್ದಲದಲ್ಲೂ ಜನ ಮಾತು ನಿಲ್ಲಿಸಿ ಕೇಳಿದರು. ಮರದ ಹತ್ತಿರ ಬಂದಾಗ ಅವನು ಒಂದು ಕಣ್ಣು ತೆರೆದು ಮೇಲೆ ನೋಡಿದ. ಆಮೇಲೆ ಟೀಚರ ಬಳಿ ಬಂದು ದೂರಿದ:

"ಇಷ್ಟು ಚೆನ್ನಾಗಿ ನುಡಿಸಿದೆ ಆಪಾ, ಒಂದೇ ಒಂದೂ ಕತ್ತು ತಿರುಗಿಸ್ಲಿಲ್ಲ!"

ಬೀಗರಾದ ಪಿಳ್ಳಪ್ಪನವರು ಹೊಸದಾಗಿ ಕೊಂಡ ಕಡುನೀಲಿ ಬಣ್ಣದ ಮಾರುತಿ ಎಸ್ಟೀಮ್ ಕಾರಿನಲ್ಲಿ ಬಂದಿಳಿದರು. ಮೇ ಬಿಸಿಲು ಸುಡುತ್ತಿತ್ತು. ಇಡೀ ಜಾಗದಲ್ಲಿ ದಟ್ಟ ನೆರಳೆಂದರೆ ಹುಣಸೆಮರದ್ದೊಂದೇ.

"ಅಲ್ಲಿ ಬ್ಯಾಡಿ ಬೀಗ್ರೇ," ಎಂದು ಅಕ್ಕಯಮ್ಮ ಕೂಗಿದಳು. "ಬಿಸ್ಲಲ್ಲೇ ಬಿಡಿ. ಅಲ್ಲಿ ಬ್ಯಾಡಿ!"

"ಹೊಸ ಕಾರಮ್ಮಾ, ಬಣ್ಣ ಹೋಗುತ್ತೆ," ಎಂದು ಪಿಳ್ಳಪ್ಪನವರು ಕಾರನ್ನು ನೆರಳಿನ ನಟ್ಟನಡುವೆ ನಿಲ್ಲಿಸಿ, ಬೀಗದಕೈ ಬೆರಳಲ್ಲಿ ತಿರುಗಿಸುತ್ತ ಚಪ್ಪರಕ್ಕೆ ಹೋದರು.

ಧಾರೆಯಾಯಿತು. ಅಕ್ಷತೆ ಬಿತ್ತು. ಗಂಡು ಮುನಿಕೃಷ್ಣ ಬಾಸಿಂಗದ ಕೆಳಗೆ ಮುಖ ಬಿಗಿದುಕೊಂಡು, ಪುರೋಹಿತರು ಹೇಳಿದ್ದನ್ನೆಲ್ಲ ತಪ್ಪಿಲ್ಲದೆ ಮಾಡಿದ. ತಾಳಿ ಕಟ್ಟುವಾಗಲೂ ನಗಲಿಲ್ಲ. ಯಮುನಾ ದೂರದಲ್ಲಿ ಕೂತ ಟೀಚರ ಕಡೆ 'ನೋಡಿದ್ರಾ?' ಎಂಬಂತೆ ಒಮ್ಮೆ ಕಣ್ಣು ಹಾಯಿಸಿದಳು.

ಊಟಕ್ಕೆ ಮೊದಲು ಹೊಸ ಜೋಡಿಯನ್ನು ಹಿರಿಯರ ಜತೆ ಮನೆಯ ಮುಂಬಾಗಿಲಿಗೆ ಕರೆತಂದರು. ಅಂಗಳಕ್ಕೆ ತಿರುಗಿದ್ದೇ ತಡ ಎಲ್ಲರೂ ನಿಂತುಬಿಟ್ಟರು.

ಕಡುನೀಲಿ ಕಾರು ಅಲ್ಲಿರಲಿಲ್ಲ. ಅದೇ ಜಾಗದಲ್ಲಿ ಸುಣ್ಣ ಬಳಿದ ಒಂದು ಕಾರು ನಿಂತಿತ್ತು. ಮುಂದಿನ ಗಾಜು, ಬಾನೆಟ್ಟು, ಮೇಲೆ ಕಟ್ಟಿದ್ದ ಗುಲಾಬಿ ಹಾರ ಎಲ್ಲ ಬೆಳ್ಳಗೆ. ಮೇಲಿನಿಂದ ಇನ್ನೂ ಪಟಪಟ ಬೀಳುತ್ತಲೇ ಇತ್ತು.

"ನನ್ ಗಾಡಿ!" ಪಿಳ್ಳಪ್ಪನವರು ರೇಷ್ಮೆ ಪಂಚೆ ಎತ್ತಿಕಟ್ಟಿ ಮರದ ಕೆಳಗೆ ಓಡಿದರು. ಮೇಲೆ ಯಾವುದೋ ಗೂಡಿನಲ್ಲಿ ಮರಿಗಳ ಕಿತ್ತಾಟ ನಡೆದಿತ್ತು. ಕೈ ತಪ್ಪಿದ ಹಾಗೆ ಒಂದು ಮೀನು ಮೇಲಿನಿಂದ ಉರುಳಿ ಬಂದು, ಸರಿಯಾಗಿ ಅವರ ಜರತಾರಿ ಪೇಟದ ಮೇಲೆ ಬಿದ್ದು, ಅಲ್ಲೇ ಕೂತಿತು.

ಆಮೇಲೆ ಯಾರೋ ನಕ್ಕರು. ಮೆಲ್ಲಗಲ್ಲ, ಹೊಟ್ಟೆ ಹಿಡಿದುಕೊಂಡು, ಉಸಿರು ಕಟ್ಟಿ, ಕಣ್ಣಲ್ಲಿ ನೀರು ಬರುವಂಥ ನಗು. ಎಲ್ಲರೂ ತಿರುಗಿ ನೋಡಿದರೆ ಮದುಮಗ. ಮುನಿಕೃಷ್ಣ ಬಾಸಿಂಗವನ್ನು ಒಂದು ಕೈಯಲ್ಲಿ ಹಿಡಿದು, ಬಾಗಿಲ ಕಂಬಕ್ಕೆ ಒರಗಿ, ನಿಲ್ಲಲಾಗದೆ ನಗುತ್ತಿದ್ದ.

"ಅಪ್ಪಾ... ಪೇಟ... ಅಪ್ಪಾ, ಅಲ್ಲಾಡ್ಬೇಡ..."

ಯಮುನಾ ಅವನನ್ನು ಬೆರಗಿನಿಂದ ನೋಡಿದಳು. ನೋಡುತ್ತಿದ್ದಂತೆ ಅವಳಿಗೂ ನಗು ಉಕ್ಕಿತು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು. ಅಕ್ಕಯಮ್ಮ ಮಾತ್ರ ನಗದೆ ಮುಂದೆ ಹೋಗಿ, ಪಿಳ್ಳಪ್ಪನವರ ಪೇಟದಿಂದ ಮೀನನ್ನು ಎರಡು ಬೆರಳಲ್ಲಿ ಎತ್ತಿ, ಗಂಭೀರವಾಗಿ ಹೇಳಿದಳು:

"ಶುಭ ಕಣ್ರೀ ಬೀಗ್ರೇ. ಮೇಲ್ಗಡೆ ಬೀಗ್ರು ಉಡುಗೊರೆ ಕೊಟ್ಟವ್ರೆ. ಬ್ಯಾಡ ಅನ್ಬಾರ್ದು."

ಪಿಳ್ಳಪ್ಪನವರ ಮುಖ ಕೆಂಪಾಗಿತ್ತು. ಬೈಯಲೆಂದೇ ಬಾಯಿ ತೆರೆದರು. ಮಗ ನಗುವುದನ್ನು ನೋಡಿದರು. ಬಹುಶಃ ಅವರೂ ಬಹಳ ದಿನದಿಂದ ನೋಡಿರಲಿಲ್ಲ. "ಕಾರು ತೊಳೆಯೋಕೆ ನೀರಾದ್ರೂ ಇದ್ಯೇನ್ರೀ ಇಲ್ಲಿ?" ಎಂದರು. ಹೇಳುವಾಗ ಅವರ ತುಟಿಯ ಒಂದು ಮೂಲೆ ಎದ್ದೇಬಿಟ್ಟಿತು.

ಊಟ ಮುಗಿಯುವ ಹೊತ್ತಿಗೆ ಆಕಾಶ ಕಪ್ಪಿಟ್ಟಿತು. ಬೇಸಿಗೆಯ ಮಳೆಗೆ ಮುನ್ನ ಬರುವ ಗಾಳಿ ಕೆರೆಯ ಕಡೆಯಿಂದ ಧೂಳೆಬ್ಬಿಸಿಕೊಂಡು ನುಗ್ಗಿತು. ಚಪ್ಪರದ ಸೊಪ್ಪು ಹಾರಿತು. ಹುಣಸೆಮರ ತೂಗಾಡಿತು. ಟೀಚರು ಎಲೆಯ ಮುಂದಿನಿಂದ ಎದ್ದು ಅಂಗಳಕ್ಕೆ ಓಡಿದರು. ಅವರು ಹೆದರಿದ್ದೇ ಆಗಿತ್ತು. ಮರದ ಬುಡದಲ್ಲಿ ಬೂದುಬಣ್ಣದ ದೊಡ್ಡ ಮರಿಯೊಂದು ಬಿದ್ದು, ರೆಕ್ಕೆ ಹರಡಿಕೊಂಡು, ಏಳಲು ಹೆಣಗುತ್ತಿತ್ತು. ದಪ್ಪ ಹನಿಗಳು ಬೀಳತೊಡಗಿದ್ದವು.

ಅವರು ಬಗ್ಗುವ ಮೊದಲೇ ಒಂದು ಜರಿಯಂಚಿನ ಶಲ್ಯ ಮರಿಯ ಮೇಲೆ ಬಿತ್ತು. ಮುನಿಕೃಷ್ಣ ಮಂಡಿಯೂರಿ ಕೂತು, ಮರಿಯನ್ನು ಶಲ್ಯದಲ್ಲಿ ಸುತ್ತಿ ಎತ್ತಿಕೊಂಡ. ಕೊಕ್ಕು ಅವನ ಕೈಗೆ ಕುಕ್ಕಿತು. ಬಿಡಲಿಲ್ಲ.

"ಎಲ್ಲಿಡ್ಲಿ ಟೀಚರ್? ಕಾಲು ಮುರಿದಿದ್ಯಾ ನೋಡಿ."

ಮುರಿದಿರಲಿಲ್ಲ. ದನದ ಕೊಟ್ಟಿಗೆಯಲ್ಲಿ, ಅಕ್ಕಯಮ್ಮ ಕೊಟ್ಟ ದೊಡ್ಡ ಮಂಕರಿಯಲ್ಲಿ ಹುಲ್ಲು ಹಾಸಿ ಅದನ್ನು ಕೂರಿಸಿದರು. ನೆಲಕ್ಕೆ ಬಿದ್ದ ಮರಿಗೆ ತಾಯಿತಂದೆ ತಿನ್ನಿಸುವುದಿಲ್ಲ, ಕೈಯಾರೆ ಮೀನು ಹಾಕಬೇಕು ಎಂದರು ಟೀಚರು. ಮದುವೆ ಮನೆಯಲ್ಲಿ ಮೀನೆಲ್ಲಿಂದ? ಲತೀಫ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೆಂಡತಿಯ ಕಡೆ ನೋಡಿದರು. ಹೆಂಡತಿ ಕೆಸರಾದ ಸೀರೆಯಲ್ಲಿ ಮಂಕರಿಯ ಪಕ್ಕ ಕೂತಿದ್ದಳು.

"ಮಾರ್ಕೆಟ್ಟಿಂದ ದಿನಾ ಕಳಿಸ್ತೀನಿ ಬಿಡು," ಎಂದರು. ಮಂಕರಿಯೊಳಗೆ ಇಣುಕಿ, "ಇದು ನಮ್ಮ ಕೋಳಿ ಅಂಗಡೀಲಿ ಸಿಗಲ್ಲ, ಒಪ್ಕೊಂಡೆ," ಎಂದರು.

ಮಾತು ಉಳಿಸಿಕೊಂಡರು ಲತೀಫ್. ಕೆ.ಆರ್. ಪುರಕ್ಕೆ ತರಕಾರಿ ಗಾಡಿ ಹೋಗುವಾಗಲೆಲ್ಲ ಒಂದು ಪೊಟ್ಟಣ ಸಣ್ಣ ಮೀನು ಹೋಗುತ್ತಿತ್ತು. ಪೊಟ್ಟಣ ಬಾರದ ದಿನ ಮುನಿವೆಂಕಟಪ್ಪನೇ ಪಂಚೆ ಮೇಲೆ ಕಟ್ಟಿ ಕೆರೆಗಿಳಿಯುತ್ತಿದ್ದ. ಸರಪಟಾಕಿ ಕಟ್ಟಿದ ಕೈಯಿಂದಲೇ ಮರಿ ಮೀನು ನುಂಗುವುದನ್ನು ಕಂಡು ಊರವರು ನಗುತ್ತಿದ್ದರು. ಮರಿ ಕೊಟ್ಟಿಗೆಯ ಅಧಿಕಾರಿಯಾಗಿಬಿಟ್ಟಿತು. ಮೀನು ತಡವಾದರೆ ಎಮ್ಮೆಯ ಕಿವಿ ಎಳೆಯುತ್ತಿತ್ತು. ಬಂದವರ ಚಪ್ಪಲಿ ಕಚ್ಚಿಕೊಂಡು ಹೋಗಿ ಹುಲ್ಲಿನಲ್ಲಿ ಬಚ್ಚಿಡುತ್ತಿತ್ತು. ಅಕ್ಕಯಮ್ಮ ಅದನ್ನು ಬೈಯುತ್ತಲೇ ಇದ್ದಳು, ಬೈಯುತ್ತಲೇ ತನ್ನ ತಟ್ಟೆಯ ಪಕ್ಕ ಕೂರಿಸಿಕೊಳ್ಳುತ್ತಿದ್ದಳು.

ಆಷಾಢ ಬಂತು. ಹೊಸ ಮದುಮಗಳು ತವರಿಗೆ ಬರುವ ತಿಂಗಳು. ಸೊಸೆ ಅತ್ತೆಯ ಮನೆಯಲ್ಲಿರಬಾರದು, ಅಳಿಯ ಮಾವನ ಮನೆಯ ಹೊಸಿಲು ತುಳಿಯಬಾರದು ಎಂಬ ಶಾಸ್ತ್ರ. ಮುನಿಕೃಷ್ಣ ಹೊಸಿಲು ತುಳಿಯಲಿಲ್ಲ. ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು ಕೊಟ್ಟಿಗೆಯ ಮುಂದೆಯೇ ಕೂತುಬಿಟ್ಟ.

"ನಾನು ಮಾವನ ಮನೆಗೆ ಬಂದಿಲ್ಲ ಅಜ್ಜಿ. ಹಕ್ಕಿ ನೋಡೋಕೆ ಬಂದೆ."

"ಆ ಟೀಚರಮ್ಮನ ರೋಗ ನಿಂಗೂ ಹತ್ಕೊಂಡ್ತಾ?" ಎಂದಳು ಅಕ್ಕಯಮ್ಮ. ಅವನಿಗೂ ಮಜ್ಜಿಗೆ ಕೊಟ್ಟಳು. ಯಮುನಾ ಗೋಡೆಯ ಮೇಲೆ ಕೂತು ಕಾಲಾಡಿಸುತ್ತ ಇಬ್ಬರ ಮಾತನ್ನೂ ಕೇಳಿ ನಗುತ್ತಿದ್ದಳು.

ಶರ್ಫುನ್ನೀಸಾ ಟೀಚರು ಆ ದಿನ ಶಾಲೆಯ ಒಂದಿಷ್ಟು ಹುಡುಗಿಯರನ್ನೂ ಕರೆತಂದಿದ್ದರು. ಮರದ ಮೇಲಿನ ಗೂಡುಗಳು ಆಗಲೇ ಬರಿದಾಗತೊಡಗಿದ್ದವು. ಎಳೆಯ ಕೊಕ್ಕರೆಗಳು ದೊಡ್ಡವುಗಳ ಜತೆ ಕೆರೆಗೆ ಹೋಗಿ ಬರುತ್ತಿದ್ದವು. ಕೊಟ್ಟಿಗೆಯ ಮರಿ ಕೆಲವು ದಿನದಿಂದ ಹೆಂಚಿನ ಮಾಡಿನ ಮೇಲೆ ಹತ್ತಿ ನಿಲ್ಲುತ್ತಿತ್ತು. ರೆಕ್ಕೆ ಬಿಚ್ಚುವುದು, ಗಾಳಿಗೆ ಸ್ವಲ್ಪ ಎದ್ದು ಮತ್ತೆ ಧೊಪ್ಪನೆ ಕೂರುವುದು. ಪ್ರತಿಸಲ ಒಂದು ಹೆಂಚು ಒಡೆಯುತ್ತಿತ್ತು. ಮುನಿವೆಂಕಟಪ್ಪ ಹೆಂಚು ಬದಲಿಸುವುದನ್ನೂ ಬಿಟ್ಟಿದ್ದ.

"ಇವತ್ತೂ ಇಲ್ಲ ಬಿಡಿ," ಎಂದ ಮುನಿಕೃಷ್ಣ.

ಆಗಲೇ ಕೆರೆಯ ಕಡೆಯಿಂದ ಗಾಳಿ ಬಂತು. ಮರಿ ಕತ್ತು ಚಾಚಿತು. ಮಾಡಿನಂಚಿಗೆ ಎರಡು ಹೆಜ್ಜೆ ಓಡಿತು. ಬೀಳುತ್ತದೆ ಎಂದು ಹುಡುಗಿಯರು ಕಿರುಚಿದರು. ಅದು ಬೀಳಲಿಲ್ಲ. ಕಾಲು ಜೋತುಬಿದ್ದಂತೆ, ಅಂಕುಡೊಂಕಾಗಿ, ಹುಣಸೆಮರವನ್ನು ಒಂದು ಸುತ್ತು ಹಾಕಿ ಮೇಲೇರಿತು. ಮೇಲೆ ಹೋಗುತ್ತ ಹೋಗುತ್ತ ಕಾಲುಗಳು ನೇರವಾದವು, ರೆಕ್ಕೆಗಳು ಅಗಲವಾಗಿ ನಿಂತವು. ಏನೋ ಈಗಷ್ಟೇ ನೆನಪಾದ ಹಾಗೆ.

"ಹೋಯ್ತು! ಅಜ್ಜೀ, ಹೋಯ್ತು!" ಯಮುನಾ ಗೋಡೆಯಿಂದ ಧುಮುಕಿ ಕೆರೆಯ ಕಡೆ ಓಡತೊಡಗಿದಳು. ಅವಳ ಹಿಂದೆ ಮುನಿಕೃಷ್ಣ, ಅವನ ಹಿಂದೆ ಯೂನಿಫಾರ್ಮಿನ ಹುಡುಗಿಯರೆಲ್ಲ, ಅವರ ಹಿಂದೆ ಮೀನಿನ ಬುಟ್ಟಿ ಹಿಡಿದುಕೊಂಡೇ ಮು​ನಿವೆಂಕಟಪ್ಪ. ಟೀಚರು ಓಡಲು ಹೊರಟವರು, ಅಕ್ಕಯಮ್ಮ ಒಬ್ಬಳೇ ಉಳಿದದ್ದನ್ನು ಕಂಡು ನಿಂತರು.

"ನನ್ನ ಕೈ ಹಿಡ್ಕೊ ಟೀಚರಮ್ಮಾ," ಎಂದಳು ಅಕ್ಕಯಮ್ಮ, ಸೆರಗು ಸೊಂಟಕ್ಕೆ ಸಿಗಿಸಿಕೊಳ್ಳುತ್ತ. "ನಾನೂ ಓಡ್ತೀನಿ. ಮೆಲ್ಲಗೆ ಓಡಾಣ."

ಇಬ್ಬರೂ ಕೈ ಹಿಡಿದುಕೊಂಡು, ಹೊಸ ಮಳೆಗೆ ಮೆತ್ತಗಾದ ಹಾದಿಯಲ್ಲಿ, ಏರಿಯ ಕಡೆಗೆ ಹೊರಟರು. ಅವರು ತಲುಪುವ ಹೊತ್ತಿಗೆ ಮರಿ ಉಳಿದ ಕೊಕ್ಕರೆಗಳ ಗುಂಪಿನೊಳಗೆ ಇಳಿದು, ಮೊಣಕಾಲು ನೀರಿನಲ್ಲಿ ಕೊಕ್ಕು ಅದ್ದಿ ನಿಂತಿತ್ತು. ಏರಿಯ ಮೇಲೆ ಎಲ್ಲರೂ ಒಟ್ಟಿಗೆ ಬೊಟ್ಟು ಮಾಡಿ ತೋರಿಸುತ್ತಿದ್ದರು. ಆದರೆ ಒಬ್ಬೊಬ್ಬರು ಒಂದೊಂದು ಹಕ್ಕಿಯನ್ನು ತೋರಿಸಿ, ಅದೇ, ಅದೇ ನಮ್ಮದು ಎಂದು ಜಗಳವಾಡುತ್ತಿದ್ದರು.